ಮೋಟಾರ್‌ಸೈಕಲ್ ಹ್ಯಾಂಡಲ್ ವೈರಿಂಗ್

ಮೋಟಾರ್‌ಸೈಕಲ್ ಹ್ಯಾಂಡಲ್ ವೈರಿಂಗ್ ಎಂದರೆ ದ್ವಿಚಕ್ರ ವಾಹನದ ಹ್ಯಾಂಡಲ್ ಮೇಲಿರುವ ಸ್ವಿಚ್ಚುಗಳನ್ನು ವಾಹನದ ಮುಖ್ಯ ವೈರಿಂಗ್‌ಗೆ ಸೇರಿಸುವ ತಂತಿಗಳ ಸಮೂಹ. ಹೆಡ್‌ಲೈಟ್, ಡಿಪ್ಪರ್, ಇಂಡಿಕೇಟರ್, ಹಾರ್ನ್, ಸೆಲ್ಫ್ ಸ್ಟಾರ್ಟ್, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಹಾಗೂ ಮುಂದಿನ ಬ್ರೇಕಿನ ಸ್ವಿಚ್ ಇವೆಲ್ಲವುಗಳ ತಂತಿಗಳು ಇದರಲ್ಲಿ ಸೇರುತ್ತವೆ. ವಾಹನದ ಉಳಿದ ವೈರಿಂಗ್ ಬಹುಮಟ್ಟಿಗೆ ಚೌಕಟ್ಟಿಗೆ ಕಟ್ಟಿಕೊಂಡು ಸ್ಥಿರವಾಗಿರುತ್ತದೆ. ಹ್ಯಾಂಡಲ್ ವೈರಿಂಗ್ ಮಾತ್ರ ಪ್ರತಿ ತಿರುವಿನಲ್ಲಿಯೂ ಬಾಗುತ್ತದೆ. ಆದ್ದರಿಂದ ತಂತಿ ತುಂಡಾಗುವುದು, ಜೋಡಣೆ ಸಡಿಲವಾಗುವುದು ಮತ್ತು ಹೊದಿಕೆ ಸವೆಯುವುದು ಇಲ್ಲಿ ಹೆಚ್ಚು. ಇಲ್ಲಿಯ ದುರಸ್ತಿ ಸರಿಯಾಗಿರಬೇಕಾದರೆ ಜೋಡಣೆಯ ಗುಣದಷ್ಟೇ ಅದನ್ನು ಮಾಡುವ ಸ್ಥಳವೂ ಮುಖ್ಯವಾಗುತ್ತದೆ.

ರಚನೆ ಮತ್ತು ಹಾದಿ

ಎಡ ಹಿಡಿಕೆಯ ಬಳಿ ಸಾಮಾನ್ಯವಾಗಿ ಡಿಪ್ಪರ್, ಇಂಡಿಕೇಟರ್ ಮತ್ತು ಹಾರ್ನ್ ಸ್ವಿಚ್ಚುಗಳಿರುತ್ತವೆ. ಅನೇಕ ವಾಹನಗಳಲ್ಲಿ ಕ್ಲಚ್ ಹಿಡಿದಾಗ ಕೆಲಸ ಮಾಡುವ ಸಣ್ಣ ಸ್ವಿಚ್ಚೂ ಇಲ್ಲಿಯೇ ಇರುತ್ತದೆ. ಬಲಗಡೆ ಸೆಲ್ಫ್ ಗುಂಡಿ, ಕಿಲ್ ಸ್ವಿಚ್ ಮತ್ತು ಬ್ರೇಕ್ ಸ್ವಿಚ್ ಇರುತ್ತವೆ. ಎರಡೂ ಕಡೆಯ ತಂತಿಗಳು ಹ್ಯಾಂಡಲ್ ಕೊಳವೆಯ ಹೊರಗಡೆ, ರಬ್ಬರ್ ಪಟ್ಟಿಯ ಅಥವಾ ಪ್ಲಾಸ್ಟಿಕ್ ಟೈಗಳ ಆಸರೆಯಲ್ಲಿ ನಡುವಿಗೆ ಬರುತ್ತವೆ. ಕೆಲವು ವಾಹನಗಳಲ್ಲಿ ಅವು ಕೊಳವೆಯ ಒಳಗಿನಿಂದಲೇ ಹಾಯುತ್ತವೆ. ಅಲ್ಲಿಂದ ಹ್ಯಾಂಡಲ್‌ನ ಕುತ್ತಿಗೆಯನ್ನು ಬಳಸಿ ಹೆಡ್‌ಲೈಟಿನ ಬಟ್ಟಲಿನೊಳಗೆ ಅಥವಾ ಪೆಟ್ರೋಲ್ ಟ್ಯಾಂಕಿನ ಕೆಳಗೆ ಹೋಗಿ, ಕಪ್ಲರ್‌ಗಳ ಮೂಲಕ ಮುಖ್ಯ ವೈರಿಂಗ್‌ಗೆ ಕೂಡುತ್ತವೆ. ರಾಯಲ್ ಎನ್‌ಫೀಲ್ಡ್ ಬುಲೆಟ್‌ನಂಥ ಹಳೆಯ ವಿನ್ಯಾಸಗಳಲ್ಲಿ ಈ ಕೂಡುವಿಕೆ ದೊಡ್ಡ ಹೆಡ್‌ಲೈಟ್ ಕವಚದೊಳಗೆ ನಡೆಯುತ್ತದೆ. ಗಾಳಿ ಮಳೆಗಳಿಂದ ಮರೆಯಾಗಿರುವುದೂ ಹ್ಯಾಂಡಲ್ ಜೊತೆಗೆ ತಾನೂ ತಿರುಗುವುದೂ ಆ ಕವಚದ ಎರಡು ಅನುಕೂಲಗಳು. ಸ್ವಿಚ್ಚಿನಿಂದ ಕವಚದವರೆಗಿನ ತಂತಿ ಅಲ್ಲಿ ಬಾಗುವುದೇ ಇಲ್ಲ. ಬಾಗುವ ಕೆಲಸವೆಲ್ಲ ಕವಚದಿಂದ ಚೌಕಟ್ಟಿನ ಕಡೆಗೆ ಹೋಗುವ ತಂತಿಗಳ ಪಾಲಿನದು.

ಸ್ವಿಚ್ಚಿನ ತಂತಿಗಳು ತೆಳ್ಳಗಿದ್ದು, ತಾಮ್ರದ ಅನೇಕ ಸೂಕ್ಷ್ಮ ಎಳೆಗಳಿಂದ ಕೂಡಿರುತ್ತವೆ. ಅಡ್ಡಕೊಯ್ತದಲ್ಲಿ ಇವು ಹೆಚ್ಚಾಗಿ 0.5 ರಿಂದ 0.85 ಚದರ ಮಿಲಿಮೀಟರ್‌ನಷ್ಟಿರುತ್ತವೆ. ಒಂದೇ ದಪ್ಪ ಎಳೆಯ ಮನೆಯ ವೈರನ್ನು ಇಲ್ಲಿ ಬಳಸಿದರೆ ಅದು ಕೆಲವೇ ದಿನಗಳಲ್ಲಿ ಮುರಿಯುತ್ತದೆ. ಬಾಗುವಿಕೆಯ ಒತ್ತಡ ಎಳೆಯ ದಪ್ಪದೊಂದಿಗೆ ಏರುವುದೇ ಇದಕ್ಕೆ ಕಾರಣ.

ತಂತಿಗಳ ಬಣ್ಣ

ಎಲ್ಲ ತಯಾರಕರಿಗೂ ಒಂದೇ ಬಣ್ಣದ ಪದ್ಧತಿ ಇಲ್ಲ. ಹೋಂಡಾ ಪರಂಪರೆಯ ವಾಹನಗಳಲ್ಲಿ ಹಸಿರು ತಂತಿ ಅರ್ತ್, ಕೆಂಪು ಬ್ಯಾಟರಿಯಿಂದ ನೇರವಾಗಿ ಬರುವುದು, ಕಪ್ಪು ಕೀಲಿ ತಿರುಗಿಸಿದ ಮೇಲೆ ವಿದ್ಯುತ್ ಕೊಡುವುದು. ಎಡ ಇಂಡಿಕೇಟರಿಗೆ ಕಿತ್ತಳೆ, ಬಲಕ್ಕೆ ತಿಳಿನೀಲಿ, ಫ್ಲಾಷರ್‌ನಿಂದ ಸ್ವಿಚ್ಚಿಗೆ ಬೂದು, ಹೈ ಬೀಮಿಗೆ ನೀಲಿ, ಲೋ ಬೀಮಿಗೆ ಬಿಳಿ, ಹಾರ್ನಿಗೆ ತಿಳಿಹಸಿರು ಎಂಬುದು ಅದೇ ಪದ್ಧತಿ. ಹೀರೋ ಹೋಂಡಾ ಕಾಲದಿಂದ ಬಂದ ಸ್ಪ್ಲೆಂಡರ್‌ನಂಥ ವಾಹನಗಳು ಭಾರತದ ಹಳ್ಳಿಹಳ್ಳಿಯಲ್ಲೂ ಇರುವುದರಿಂದ ಅನೇಕ ಮೆಕ್ಯಾನಿಕ್‌ಗಳಿಗೆ ಇದು ಬಾಯಿಪಾಠ. ಯಮಹಾ ವಾಹನಗಳಲ್ಲಿ ಇದು ಹೊಂದುವುದಿಲ್ಲ. ಅಲ್ಲಿ ಕಪ್ಪು ತಂತಿಯೇ ಅರ್ತ್, ಕೀಲಿಯ ನಂತರದ ವಿದ್ಯುತ್ತಿಗೆ ಕಂದು. ಕವಾಸಾಕಿಯಲ್ಲಿ ಕಪ್ಪಿನ ಮೇಲೆ ಹಳದಿ ಗೆರೆ, ಸುಜುಕಿಯಲ್ಲಿ ಕಪ್ಪಿನ ಮೇಲೆ ಬಿಳಿ ಗೆರೆ ಅರ್ತ್‌ನ ಗುರುತು. ಹೋಂಡಾದ ಅಭ್ಯಾಸದಲ್ಲಿ ಯಮಹಾದ ಕಪ್ಪು ತಂತಿಗೆ ವಿದ್ಯುತ್ ಜೋಡಿಸಿದರೆ ನೇರವಾಗಿ ಶಾರ್ಟ್ ಆಗುತ್ತದೆ. ಹಿಂದೆ ಯಾರಾದರೂ ದುರಸ್ತಿ ಮಾಡಿದ ವಾಹನದಲ್ಲಿ ಬಣ್ಣವನ್ನು ನಂಬುವಂತೆಯೇ ಇಲ್ಲ. ಕೈಗೆ ಸಿಕ್ಕ ತಂತಿಯ ತುಂಡು ನಡುವೆ ಸೇರಿರುವ ಸಾಧ್ಯತೆ ಇರುವುದರಿಂದ ಮೀಟರ್ ಹಿಡಿದು ನೋಡುವುದೇ ದಾರಿ.

ಕೆಡುವ ಬಗೆ

ತಾಮ್ರವನ್ನು ಮತ್ತೆ ಮತ್ತೆ ಒಂದೇ ಕಡೆ ಬಾಗಿಸಿದರೆ ಅದು ಗಡುಸಾಗಿ, ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಹೊರಗಿನ ಪಿವಿಸಿ ಹೊದಿಕೆ ಮಾತ್ರ ಇಡಿಯಾಗಿಯೇ ಉಳಿಯುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಉಳಿದ ನಾಲ್ಕಾರು ಎಳೆಗಳು ಹಾರ್ನಿನ ಪ್ರವಾಹವನ್ನು ಹೊರಲಾರದೆ ಬಿಸಿಯಾಗುತ್ತವೆ. ಎಲ್ಲ ಎಳೆಗಳೂ ಮುರಿದ ಮೇಲೆ ತುದಿಗಳು ಹೊದಿಕೆಯೊಳಗೆ ಒಂದನ್ನೊಂದು ತಾಗುತ್ತ ಬಿಡುತ್ತ ಇರುತ್ತವೆ. ಹ್ಯಾಂಡಲ್ ನೇರವಿದ್ದಾಗ ಉರಿಯುವ ದೀಪ ತಿರುವಿನಲ್ಲಿ ಆರಿಹೋಗುವುದು ಇಂಥ ಮುರಿತದ ಲಕ್ಷಣ. ರಾತ್ರಿ ಹೆದ್ದಾರಿಯಲ್ಲಿ ಇದರ ಅಪಾಯ ಸ್ಪಷ್ಟ. ಕಿಲ್ ಸ್ವಿಚ್ಚಿನ ತಂತಿ ಹೀಗಾದರೆ ಓಡುತ್ತಿರುವ ಎಂಜಿನ್ನೇ ನಿಲ್ಲಬಹುದು. ಬ್ರೇಕ್ ಸ್ವಿಚ್ಚಿನ ತಂತಿ ಹೋದರೆ ಸವಾರನಿಗೆ ತಿಳಿಯುವುದೇ ಇಲ್ಲ. ಹಿಂದೆ ಬರುವವರಿಗೆ ಕೆಂಪು ದೀಪ ಕಾಣದಿರುವುದೊಂದೇ ಅದರ ಸೂಚನೆ.

ಎರಡನೆಯ ಕಾರಣ ಜೋಡಣೆಯ ರೋಧ. 12 ವೋಲ್ಟ್ ವಾಹನದಲ್ಲಿ 35 ವ್ಯಾಟ್ ಹೆಡ್‌ಲೈಟ್ ಸುಮಾರು 2.9 ಆಂಪಿಯರ್ ಪ್ರವಾಹ ಎಳೆಯುತ್ತದೆ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಅರ್ಧ ಓಮ್ ರೋಧ ಸೇರಿಕೊಂಡರೆ ಅಲ್ಲಿಯೇ ಸುಮಾರು 1.3 ವೋಲ್ಟ್ ನಷ್ಟವಾಗುತ್ತದೆ. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ ಬೆಳಕು ಮೂರರಲ್ಲಿ ಎರಡು ಪಾಲಿಗೆ ತಗ್ಗುತ್ತದೆ. ಕಳೆದುಹೋದ ಶಕ್ತಿ 3 ವ್ಯಾಟ್‌ಗೂ ಹೆಚ್ಚು ಶಾಖವಾಗಿ ಆ ಚಿಕ್ಕ ಜಾಗದಲ್ಲಿಯೇ ಸೇರಿ, ಕಪ್ಲರಿನ ಪ್ಲಾಸ್ಟಿಕ್ಕನ್ನು ಕಂದಿಸುತ್ತದೆ. ಇಂಥ ಬಿಸಿಯಿಂದ ಫ್ಯೂಸ್ ವಾಹನವನ್ನು ಕಾಪಾಡುವುದಿಲ್ಲ ಎಂಬುದು ಗಮನಾರ್ಹ. ಫ್ಯೂಸ್ ಕರಗುವುದು ಪ್ರವಾಹ ಹೆಚ್ಚಾದಾಗ, ರೋಧವಿರುವ ಜೋಡಣೆಯಲ್ಲಿ ಪ್ರವಾಹ ಕಡಿಮೆಯೇ ಆಗಿರುತ್ತದೆ.

ಹಳೆಯ 6 ವೋಲ್ಟ್ ವಾಹನಗಳಲ್ಲಿ ಈ ತೊಂದರೆ ಇನ್ನೂ ತೀವ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ 250 ಇಂಥ ವಾಹನ. ಅದೇ ವ್ಯಾಟ್‌ನ ಬಲ್ಬಿಗೆ 6 ವೋಲ್ಟಿನಲ್ಲಿ ಎರಡರಷ್ಟು ಪ್ರವಾಹ ಬೇಕು. ಅದೇ ರೋಧದಲ್ಲಿ ಆಗುವ ಶಾಖ ನಾಲ್ಕರಷ್ಟು ಹತ್ತಿರಕ್ಕೆ ಹೋಗುತ್ತದೆ. ಹಳೆಯ ಜಾವಾಗಳನ್ನು ಈಗಲೂ ಓಡಿಸುವವರು ದೀಪ ಮಂದವೆಂದು ದೂರುವಾಗ ಬಲ್ಬಿಗಿಂತ ಮೊದಲು ಜೋಡಣೆ ಮತ್ತು ಅರ್ತ್‌ಗಳನ್ನು ಉಜ್ಜಿ ನೋಡುವುದು ಲಾಭಕರ.

ಕಲಬುರಗಿ ಪರಿಸರದಲ್ಲಿ

ತಂತಿಗಳ ಆಯುಷ್ಯ ಹವಾಮಾನವನ್ನೂ ಅವಲಂಬಿಸಿದೆ. ಕಲಬುರಗಿ ನಗರದ ಅಂಚಿನಲ್ಲಿ ಹುಮನಾಬಾದ್ ರಸ್ತೆಗೆ ಹೊಂದಿಕೊಂಡಿರುವ ಕಪನೂರ ಕೈಗಾರಿಕಾ ಪ್ರದೇಶ ಮತ್ತು ಅದೇ ರಸ್ತೆಯಲ್ಲಿ ಮುಂದಿರುವ ಕಮಲಾಪುರದ ನಡುವಿನ ಓಡಾಟ ಇದಕ್ಕೆ ಒಳ್ಳೆಯ ನಿದರ್ಶನ. ಏಪ್ರಿಲ್–ಮೇ ತಿಂಗಳುಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬಿಸಿಲಲ್ಲಿ ನಿಂತ ವಾಹನದ ಕಪ್ಪು ಹೊದಿಕೆ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಕಾವು ಮತ್ತು ನೇರಳಾತೀತ ಕಿರಣಗಳಿಂದ ಪಿವಿಸಿಯ ಮೃದುತ್ವ ಹೋಗಿ ಅದು ಬಿರಿಯುತ್ತದೆ. ಅಗ್ಗದ ಇನ್ಸುಲೇಶನ್ ಟೇಪಿನ ಅಂಟು ಇಳಿದು ಸುತ್ತು ಬಿಚ್ಚಿಕೊಳ್ಳುತ್ತದೆ, ಕೈಗೆ ಮೆತ್ತುವ ಜಿಗಟು ಮಾತ್ರ ಉಳಿಯುತ್ತದೆ.

ಆ ಜಿಗಟಿಗೆ ಧೂಳು ಸೇರುತ್ತದೆ. ಬೇಳೆ ಮಿಲ್ಲುಗಳ ಹೊಟ್ಟಿನ ಧೂಳು, ಎರೆಮಣ್ಣಿನ ಹುಡಿ, ಲಾರಿಗಳು ಎಬ್ಬಿಸುವ ರಸ್ತೆಯ ಧೂಳು ಎಲ್ಲವೂ ಸ್ವಿಚ್ಚಿನ ಸಂದಿಗಳಲ್ಲಿ ಕೂರುತ್ತವೆ. ಒಣಗಿರುವಾಗ ಅಷ್ಟಾಗಿ ತೊಂದರೆ ಕೊಡದ ಈ ಧೂಳು ಮುಂಗಾರಿನಲ್ಲಿ ನೀರು ಹಿಡಿದಿಟ್ಟುಕೊಂಡು ಸಂಪರ್ಕಗಳನ್ನು ಕಿಲುಬುಗಟ್ಟಿಸುತ್ತದೆ. ಬೇಸಿಗೆಯಲ್ಲಿ ಬಿರಿದ ಹೊದಿಕೆಯ ದೋಷ ಜೂನ್ ನಂತರ ಬೆಳಕಿಗೆ ಬರುವುದು ಹೀಗೆ. ಹಾಲಿನ ಕ್ಯಾನು, ಚೀಲ, ಊಟದ ಬುತ್ತಿ ಮುಂತಾದವನ್ನು ಹ್ಯಾಂಡಲಿಗೆ ತೂಗುಹಾಕುವ ರೂಢಿಯೂ ತಂತಿಗೆ ಹಾನಿಕರ. ಚೀಲದ ಹಿಡಿಕೆ ತಂತಿಯನ್ನು ಕೊಳವೆಗೆ ಒತ್ತಿ ಹಿಡಿದು, ಪ್ರತಿ ಕುಲುಕಿಗೂ ಅದನ್ನು ಸವೆಸುತ್ತದೆ. ಹೊಲದ ಮನೆಯಲ್ಲಿ ಅಥವಾ ಗೋದಾಮಿನ ಬಳಿ ನಿಲ್ಲಿಸಿದ ವಾಹನದ ತಂತಿಯನ್ನು ಇಲಿ ಕಡಿಯುವುದುಂಟು. ಇಲಿ ಕಡಿದ ತಂತಿಯಲ್ಲಿ ಹಲ್ಲಿನ ಗುರುತು ಕಾಣುವುದರಿಂದ ದೋಷ ಹುಡುಕುವ ಶ್ರಮವಾದರೂ ಉಳಿಯುತ್ತದೆ.

2017ರ ಏಪ್ರಿಲ್ 1ರಿಂದ ಭಾರತದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುತ್ತಿರುವವರೆಗೂ ಮುಂದಿನ ದೀಪ ತಾನಾಗಿಯೇ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ಇದರಿಂದ ಹ್ಯಾಂಡಲ್ ಮೇಲಿನ ದೀಪದ ಸ್ವಿಚ್ ಮರೆಯಾಯಿತು. ಆದರೆ ಮೊದಲು ರಾತ್ರಿ ಮಾತ್ರ ಪ್ರವಾಹ ಹೊರುತ್ತಿದ್ದ ಡಿಪ್ಪರ್ ಸ್ವಿಚ್ಚೂ ಅದರ ಜೋಡಣೆಗಳೂ ಈಗ ಮೇ ತಿಂಗಳ ನಡುಹಗಲಿನಲ್ಲಿಯೂ ಅದನ್ನು ಹೊರಬೇಕಾಗಿದೆ. ದುರ್ಬಲ ಜೋಡಣೆಗೆ ತಣಿಯಲು ಬಿಡುವೇ ಇಲ್ಲ.

ದೋಷವನ್ನು ಹುಡುಕುವುದು

ವಾಹನವನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೀಲಿ ತಿರುಗಿಸಿ, ಇಂಡಿಕೇಟರ್ ಹಾಕಿಟ್ಟು ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ತಿರುಗಿಸುವುದು ಮೊದಲ ಪರೀಕ್ಷೆ. ದೀಪ ನಡುಗಿದರೆ ಕುತ್ತಿಗೆಯ ಬಳಿ ಮುರಿತವಿದೆ ಎಂದು ಊಹಿಸಬಹುದು. ಅನುಮಾನವಿರುವ ತಂತಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಸರಿಯಿರುವ ತಂತಿ ಹಿಗ್ಗುವುದಿಲ್ಲ. ಒಳಗೆ ತಾಮ್ರ ತುಂಡಾಗಿದ್ದರೆ ಹೊದಿಕೆ ರಬ್ಬರಿನಂತೆ ಹಿಗ್ಗುತ್ತದೆ.

ಮಲ್ಟಿಮೀಟರಿನ ನಿರಂತರತೆಯ ಪರೀಕ್ಷೆ ಇಲ್ಲಿ ಮೋಸಗೊಳಿಸಬಹುದು. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಸದ್ದು ಮಾಡುತ್ತದೆ, ಏಕೆಂದರೆ ಅದು ಬಳಸುವ ಪ್ರವಾಹ ಅತ್ಯಲ್ಪ. ದೀಪ ಉರಿಯುತ್ತಿರುವಾಗಲೇ ಜೋಡಣೆಯ ಎರಡೂ ಬದಿಗೆ ಮೀಟರಿನ ಕಡ್ಡಿಗಳನ್ನಿಟ್ಟು ವೋಲ್ಟೇಜ್ ನಷ್ಟವನ್ನು ಅಳೆಯುವುದು ಹೆಚ್ಚು ವಿಶ್ವಾಸಾರ್ಹ. ಒಳ್ಳೆಯ ಜೋಡಣೆಯಲ್ಲಿ ಇದು 0.1 ವೋಲ್ಟ್ ಮೀರಬಾರದು. ಹೆಡ್‌ಲೈಟಿಗೆ ಬ್ಯಾಟರಿಯ ಬದಲು ಆಲ್ಟರ್ನೇಟರಿನಿಂದಲೇ ಎಸಿ ವಿದ್ಯುತ್ ಪಡೆಯುವ ಹಳೆಯ ಸಣ್ಣ ವಾಹನಗಳಲ್ಲಿ ಎಂಜಿನ್ ನಿಧಾನವಾದಾಗ ದೀಪ ಮಂಕಾಗುವುದು ಸಹಜ. ಅದು ವೈರಿಂಗಿನ ದೋಷವಲ್ಲ.

ತಂತಿ ಜೋಡಣೆ

ಕೆಲಸಕ್ಕೆ ಮುನ್ನ ಬ್ಯಾಟರಿಯ ಅರ್ತ್ ತುದಿಯನ್ನು ಮೊದಲು ಬಿಚ್ಚಲಾಗುತ್ತದೆ. ಧನ ತುದಿಯನ್ನು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಚೌಕಟ್ಟಿಗೆ ತಗುಲಿ ಕಿಡಿ ಹಾರಬಹುದು, ಮತ್ತು ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿಯೇ ಇರುತ್ತದೆ.

ಮುರಿದ ಜಾಗದಲ್ಲಿಯೇ ಎರಡು ತುದಿಗಳನ್ನು ಸೇರಿಸುವುದು ಅತ್ಯಂತ ಸಾಮಾನ್ಯವಾದ ತಪ್ಪು. ತಂತಿ ಅಲ್ಲಿ ಮುರಿದದ್ದೇ ಅದು ಬಾಗುವ ಜಾಗವಾದ್ದರಿಂದ. ಜೋಡಿಸಿದ ಭಾಗ ಗಡುಸಾಗಿರುವುದರಿಂದ ಬಾಗುವಿಕೆಯೆಲ್ಲ ಅದರ ಅಂಚಿಗೆ ಬಂದು, ಹೊಸ ಮುರಿತ ಹಳೆಯದರ ಪಕ್ಕದಲ್ಲಿಯೇ ಆಗುತ್ತದೆ. ಕುತ್ತಿಗೆಯ ಭಾಗದ ಹಳೆಯ ತಂತಿಯನ್ನು ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಂತಿಯ ತುಂಡನ್ನು ಹಾಕಿ, ಅದರ ಎರಡು ಜೋಡಣೆಗಳನ್ನೂ ಬಾಗದ ಜಾಗಗಳಿಗೆ ಸಾಗಿಸುವುದು ಸರಿಯಾದ ಕ್ರಮ. ಒಂದು ಜೋಡಣೆ ಹ್ಯಾಂಡಲ್ ಕೊಳವೆಯ ಮೇಲೆ, ಇನ್ನೊಂದು ಹೆಡ್‌ಲೈಟ್ ಬಟ್ಟಲಿನೊಳಗೆ ಅಥವಾ ಟ್ಯಾಂಕಿನ ಕೆಳಗೆ ಬಂದರೆ ಸಾಕು. ಒಂದು ತಂತಿಯ ಬದಲು ಎರಡು ಕಡೆ ಜೋಡಿಸುವ ಈ ಕೆಲಸಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯಬಹುದು. ಹೀಗಾಗಿ ರಸ್ತೆಬದಿಯ ದುರಸ್ತಿಯಲ್ಲಿ ಇದನ್ನು ಬಿಟ್ಟುಬಿಡುವುದೇ ಹೆಚ್ಚು, ಅದೇ ದೋಷ ಮರಳಿ ಬರುವುದಕ್ಕೂ ಅದೇ ಕಾರಣ.

ಹೊದಿಕೆ ಸುಲಿದಾಗ ತಾಮ್ರ ಹೊಳೆಯುತ್ತಿರಬೇಕು. ಕಪ್ಪಗಾಗಿದ್ದರೆ ಅಥವಾ ಹಸಿರು ಹುಡಿ ಕಂಡರೆ, ಹೊಳೆಯುವ ತಾಮ್ರ ಸಿಗುವವರೆಗೆ ತಂತಿಯನ್ನು ಹಿಂದಕ್ಕೆ ಕತ್ತರಿಸಬೇಕು. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹಲ್ಲಿನಿಂದ ಹೊದಿಕೆ ಸುಲಿಯುವ ಅಭ್ಯಾಸದಲ್ಲಿ ಕೆಲವು ಎಳೆಗಳು ತುಂಡಾಗುವುದರಿಂದ ತಂತಿ ಅಷ್ಟರಮಟ್ಟಿಗೆ ತೆಳುವಾಗುತ್ತದೆ.

ಬರಿಯ ತಿರುಚಿ ಟೇಪು ಸುತ್ತಿದ ಜೋಡಣೆ ಮನೆ ತಲುಪುವವರೆಗಿನ ತಾತ್ಕಾಲಿಕ ಉಪಾಯ. ಶಾಶ್ವತ ಜೋಡಣೆಗೆ ಬೆಸುಗೆ ಮತ್ತು ಕ್ರಿಂಪ್ ಎಂಬ ಎರಡು ಮುಖ್ಯ ವಿಧಾನಗಳಿದ್ದು, ಯಾವುದು ಮೇಲು ಎಂಬ ಬಗ್ಗೆ ಮೆಕ್ಯಾನಿಕ್‌ಗಳಲ್ಲಿ ಹಳೆಯ ವಾದವಿದೆ.

ಬೆಸುಗೆಯಲ್ಲಿ ಎರಡು ತುದಿಗಳನ್ನು ಎದುರುಬದುರಾಗಿ ಹಿಡಿದು, ಒಂದನ್ನು ಇನ್ನೊಂದರ ಮೈಗೆ ಬಿಗಿಯಾಗಿ ಸುತ್ತಲಾಗುತ್ತದೆ. ಟೆಲಿಗ್ರಾಫ್ ತಂತಿಗಳ ಕಾಲದಿಂದ ಬಂದ ಈ ಸುತ್ತು ಎಳೆದಷ್ಟೂ ಬಿಗಿಯಾಗುತ್ತದೆ. ಎರಡು ತುದಿಗಳನ್ನು ಒಂದೇ ಕಡೆ ಸೇರಿಸಿ ಜಡೆಯಂತೆ ತಿರುಚಿದ ಜೋಡಣೆಗೆ ಆ ಗುಣವಿಲ್ಲ. ಬಳಿಕ ಕಾವುಗೋಲಿನಿಂದ ತಂತಿಯನ್ನು ಬಿಸಿಮಾಡಿ, ಬೆಸುಗೆ ಸೀಸವನ್ನು ತಂತಿಗೆ ತಾಗಿಸಬೇಕು. ಕೋಲಿನ ತುದಿಯಲ್ಲಿ ಕರಗಿಸಿ ಹನಿಯಾಗಿ ಬೀಳಿಸಿದ ಸೀಸ ಮೇಲೆ ಕೂರುತ್ತದೆಯೇ ಹೊರತು ಎಳೆಗಳೊಳಗೆ ಇಳಿಯುವುದಿಲ್ಲ. 63 ಭಾಗ ತವರ ಮತ್ತು 37 ಭಾಗ ಸೀಸದ ಮಿಶ್ರಣ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುವುದರಿಂದ ಇದಕ್ಕೆ ಅನುಕೂಲ. ರಾಳದ ಫ್ಲಕ್ಸನ್ನು ಮಾತ್ರ ಬಳಸಬೇಕು. ತಗಡಿನ ಕೆಲಸಕ್ಕೆ ಬಳಸುವ ಆಮ್ಲೀಯ ಫ್ಲಕ್ಸ್ ಜೋಡಣೆಯೊಳಗೆ ಉಳಿದು ತಿಂಗಳುಗಳ ಮೇಲೆ ತಾಮ್ರವನ್ನೇ ತಿನ್ನುತ್ತದೆ. ಸೀಸ ವಿಷಕಾರಿಯಾದುದರಿಂದ ಕೆಲಸದ ನಂತರ ಕೈ ತೊಳೆಯುವುದು ಅಗತ್ಯ. ಬೆಸುಗೆಯ ದೌರ್ಬಲ್ಯವೆಂದರೆ, ಕರಗಿದ ಸೀಸ ಬತ್ತಿಯಲ್ಲಿ ಎಣ್ಣೆ ಏರುವಂತೆ ಹೊದಿಕೆಯ ಒಳಗೂ ಏರಿ ತಂತಿಯನ್ನು ಕಡ್ಡಿಯಂತೆ ಮಾಡುತ್ತದೆ. ಗಡುಸು ಮುಗಿದು ಮೃದು ತಂತಿ ಆರಂಭವಾಗುವ ಜಾಗದಲ್ಲಿ ಕಂಪನದಿಂದ ಮುರಿತ ಉಂಟಾಗುತ್ತದೆ. ಆದ್ದರಿಂದ ಬೆಸುಗೆಯ ಎರಡೂ ಬದಿಗೆ ಆಸರೆ ಕೊಡುವುದು ಅನಿವಾರ್ಯ.

ಕ್ರಿಂಪ್ ವಿಧಾನದಲ್ಲಿ ಲೋಹದ ತುಂಡನ್ನು ತಂತಿಯ ಮೇಲೆ ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಲಾಗುತ್ತದೆ. ಸರಿಯಾದ ಒತ್ತಡದಲ್ಲಿ ಎಳೆಗಳ ನಡುವೆ ಗಾಳಿಗೂ ಜಾಗವಿರದು, ಹೀಗಾಗಿ ಒಳಗೆ ಕಿಲುಬು ಹಿಡಿಯುವುದಿಲ್ಲ. ವಾಹನ ಕಾರ್ಖಾನೆಗಳು ಬಳಸುವುದು ಈ ವಿಧಾನವನ್ನೇ. ಅವುಗಳ ಟರ್ಮಿನಲ್‌ಗಳಲ್ಲಿ ಎರಡು ಜೊತೆ ರೆಕ್ಕೆಗಳಿರುತ್ತವೆ. ಒಂದು ಜೊತೆ ತಾಮ್ರವನ್ನು ಹಿಡಿದರೆ ಇನ್ನೊಂದು ಹೊದಿಕೆಯನ್ನು ಹಿಡಿದು ಎಳೆತವನ್ನು ತಾಳಿಕೊಳ್ಳುತ್ತದೆ. ಸಾಮಾನ್ಯ ಇಕ್ಕಳದಿಂದ ಚಪ್ಪಟೆ ಮಾಡಿದ ಟರ್ಮಿನಲ್‌ಗೆ ಈ ಗುಣಗಳೊಂದೂ ಬರುವುದಿಲ್ಲ. ಅಳತೆ ತಪ್ಪಿದರೂ ಅಷ್ಟೇ. ಮಾರುಕಟ್ಟೆಯ ಬಣ್ಣದ ಜೋಡಣೆ ಕೊಳವೆಗಳಲ್ಲಿ ಕೆಂಪು 0.5 ರಿಂದ 1.5, ನೀಲಿ 1.5 ರಿಂದ 2.5 ಚದರ ಮಿಲಿಮೀಟರ್ ತಂತಿಗೆ ಮೀಸಲು. ಹ್ಯಾಂಡಲಿನ ತೆಳು ತಂತಿಗೆ ನೀಲಿಯದನ್ನು ಹಾಕಿದರೆ ಕೈಯಿಂದಲೇ ಕಿತ್ತು ಬರುತ್ತದೆ. ಒಟ್ಟಿನಲ್ಲಿ, ತಕ್ಕ ಇಕ್ಕಳ ಇದ್ದಲ್ಲಿ ಕ್ರಿಂಪ್ ಮೇಲು, ಅದಿಲ್ಲದೆಡೆ ಆಸರೆ ಕೊಟ್ಟ ಒಳ್ಳೆಯ ಬೆಸುಗೆಯೇ ಸುರಕ್ಷಿತ.

ಹಲವು ತಂತಿಗಳನ್ನು ಒಟ್ಟಿಗೆ ಜೋಡಿಸುವಾಗ ಜೋಡಣೆಗಳು ಒಂದರ ಪಕ್ಕ ಒಂದು ಬರದಂತೆ ಹಿಂದುಮುಂದಾಗಿ ಇಡುವುದು ವಾಡಿಕೆ. ಕಟ್ಟು ಉಬ್ಬುವುದಿಲ್ಲ, ಹೊದಿಕೆ ಹರಿದರೂ ಪಕ್ಕದ ಜೋಡಣೆಗೆ ತಗುಲುವುದಿಲ್ಲ.

ರಕ್ಷಣೆ

ಕಾವಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಇಂದು ಜೋಡಣೆಯ ಪ್ರಧಾನ ಹೊದಿಕೆ. ಸಾಮಾನ್ಯ ಬಗೆ ಅರ್ಧ ವ್ಯಾಸಕ್ಕೆ ಕುಗ್ಗುತ್ತದೆ. ಒಳಮೈಗೆ ಅಂಟು ಸವರಿದ ಬಗೆಯಲ್ಲಿ ಅಂಟು ಕರಗಿ ತಂತಿಯ ಸುತ್ತ ತುಂಬಿಕೊಳ್ಳುವುದರಿಂದ ನೀರೂ ಇಳಿಯದು, ಬೆಸುಗೆಯ ಅಂಚಿಗೆ ಬೇಕಾದ ಆಸರೆಯೂ ದೊರೆಯುತ್ತದೆ. ಕೊಳವೆಯನ್ನು ಜೋಡಣೆಗೆ ಮೊದಲೇ ತಂತಿಗೆ ಪೋಣಿಸಿ ದೂರ ಸರಿಸಿಟ್ಟಿರಬೇಕು. ಮರೆತರೆ ಬೆಸುಗೆ ಬಿಚ್ಚದೆ ಬೇರೆ ದಾರಿಯಿಲ್ಲ. ಬೆಂಕಿಕಡ್ಡಿಯ ಉರಿಯಿಂದ ಕುಗ್ಗಿಸಿದಾಗ ಒಂದು ಬದಿ ಕರಟಿ ಇನ್ನೊಂದು ಬದಿ ಸಡಿಲವಾಗಿಯೇ ಉಳಿಯುವುದುಂಟು. ಬಿಸಿಗಾಳಿಯ ಯಂತ್ರದಿಂದ ನಡುವಿನಿಂದ ಅಂಚುಗಳ ಕಡೆಗೆ ಕಾಯಿಸಿದರೆ ಒಳಗಿನ ಗಾಳಿ ಹೊರಬೀಳುತ್ತದೆ.

ಇಡೀ ಕಟ್ಟಿನ ಮೇಲೆ ಪಿವಿಸಿ ತೋಳು ಅಥವಾ ಬಟ್ಟೆಯ ಟೇಪು ಬರುತ್ತದೆ. ಕುತ್ತಿಗೆಯ ಭಾಗದಲ್ಲಿ ಟೇಪನ್ನು ಬಿಗಿಯಾಗಿ ಸುತ್ತಬಾರದು. ಬಾಗುವಾಗ ತಂತಿಗಳು ಒಂದರ ಮೇಲೊಂದು ಜಾರಲು ಅವಕಾಶವಿರಬೇಕು, ಇಲ್ಲವಾದರೆ ಇಡೀ ಕಟ್ಟು ಒಂದೇ ದಪ್ಪ ತಂತಿಯಂತೆ ವರ್ತಿಸುತ್ತದೆ. ಪ್ಲಾಸ್ಟಿಕ್ ಟೈಗಳನ್ನು ಬಾಗುವ ಜಾಗದ ಎರಡೂ ಬದಿಗೆ ಕಟ್ಟಿ, ನಡುವೆ ಸಾಕಷ್ಟು ಸಡಿಲು ಬಿಡಲಾಗುತ್ತದೆ. ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿದಾಗ ತಂತಿ ಬಿಗಿಯಾಗಲೂ ಬಾರದು, ಚೌಕಟ್ಟಿನ ತಡೆಗೂ ಫೋರ್ಕಿಗೂ ನಡುವೆ ಸಿಕ್ಕಿಕೊಳ್ಳಲೂ ಬಾರದು. ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ ತಿರುಗಿಸಿದರೆ ವೇಗ ಏರುವುದಾದರೆ ಆಕ್ಸಿಲರೇಟರ್ ಕೇಬಲ್ಲೂ ಬಿಗಿಯಾಗಿದೆ ಎಂದರ್ಥ. ತಂತಿ ಸರಿಪಡಿಸುವ ಭರದಲ್ಲಿ ಕೇಬಲ್ಲಿನ ಹಾದಿ ತಪ್ಪುವುದು ಅಪರೂಪವಲ್ಲ, ಮತ್ತು ಅದು ಆರಿದ ದೀಪಕ್ಕಿಂತ ಅಪಾಯಕಾರಿ.

ಸ್ವಿಚ್ಚಿನೊಳಗೆ ತಂತಿಗುಂಟ ನೀರು ಇಳಿಯದಂತೆ, ತಂತಿ ಮೊದಲು ಕೆಳಗೆ ಇಳಿದು ಆಮೇಲೆ ಮೇಲೇರುವಂತೆ ಒಂದು ಬಾಗು ಬಿಡಲಾಗುತ್ತದೆ. ನೀರು ಆ ಬಾಗಿನ ತಳದಲ್ಲಿ ತೊಟ್ಟಿಕ್ಕುತ್ತದೆ. ವಾಹನ ತೊಳೆಯುವಾಗ ಪಂಪಿನ ನೀರನ್ನು ನೇರವಾಗಿ ಸ್ವಿಚ್ಚುಗಳಿಗೆ ಹಾಯಿಸಿದರೆ ಇದಾವುದೂ ಉಪಯೋಗಕ್ಕೆ ಬರುವುದಿಲ್ಲ.

ಹೆಚ್ಚುವರಿ ದೀಪ ಮತ್ತು ಹಾರ್ನ್

ಫಾಗ್ ಲೈಟ್, ಮೊಬೈಲ್ ಚಾರ್ಜರ್, ದೊಡ್ಡ ಹಾರ್ನ್ ಇವುಗಳಿಗೆ ಹ್ಯಾಂಡಲಿನ ಯಾವುದಾದರೊಂದು ತಂತಿಯ ಹೊದಿಕೆ ಸುಲಿದು ವಿದ್ಯುತ್ ಪಡೆಯುವುದು ಸಾಮಾನ್ಯ. ತೆಳು ತಂತಿಗೂ ಸಣ್ಣ ಸ್ವಿಚ್ಚಿಗೂ ಇದು ಮೀರಿದ ಹೊರೆ. ರಿಲೇ ಬಳಸಿದರೆ ಹ್ಯಾಂಡಲಿನ ಸ್ವಿಚ್ಚು ರಿಲೇಯ ಸುರುಳಿಗೆ ಬೇಕಾದ ಅಲ್ಪ ಪ್ರವಾಹವನ್ನಷ್ಟೇ ಹೊರುತ್ತದೆ. ದೀಪದ ಪ್ರವಾಹ ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಮೂಲಕ ನೇರವಾಗಿ ಬರುತ್ತದೆ. ಫ್ಯೂಸನ್ನು ಬ್ಯಾಟರಿಗೆ ಸಮೀಪದಲ್ಲಿಯೇ ಇಡಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ರಕ್ಷಣೆ ಇರುವುದಿಲ್ಲ. ಹಾರ್ನಿನ ವಿಷಯದಲ್ಲಿ ಕಾನೂನಿನ ಮಿತಿಯೂ ಇದೆ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ಬಹುಸ್ವರದ ಹಾರ್ನ್‌ಗಳನ್ನು ನಿಷೇಧಿಸುತ್ತದೆ.

ಹೊಸ ವಾಹನಗಳಲ್ಲಿ

ಇಂಧನ ಇಂಜೆಕ್ಷನ್ ಮತ್ತು ಎಬಿಎಸ್ ಇರುವ ವಾಹನಗಳಲ್ಲಿ ಹ್ಯಾಂಡಲಿನ ಕೆಲವು ಸ್ವಿಚ್ಚುಗಳು ದೀಪಕ್ಕೆ ಪ್ರವಾಹ ಕಳುಹಿಸುವ ಬದಲು ನಿಯಂತ್ರಣ ಘಟಕಕ್ಕೆ ಸಂಕೇತ ಕಳುಹಿಸುತ್ತವೆ. ಪ್ರವಾಹ ಅತ್ಯಲ್ಪವಾದುದರಿಂದ ಜೋಡಣೆ ಬಿಸಿಯಾಗುವ ಭಯವಿಲ್ಲ. ಆದರೆ ಸಂಪರ್ಕದ ಮೇಲಿನ ತೆಳು ಕಿಲುಬನ್ನು ಸುಟ್ಟು ದಾಟುವಷ್ಟು ಶಕ್ತಿ ಆ ಪ್ರವಾಹಕ್ಕೆ ಇರದ ಕಾರಣ, ಹಳೆಯ ವಾಹನ ಸಹಿಸಿಕೊಳ್ಳುತ್ತಿದ್ದ ಕಿಲುಬು ಇಲ್ಲಿ ದೋಷವಾಗಿ ಕಾಣಿಸಿಕೊಳ್ಳುತ್ತದೆ. ವಿದ್ಯುತ್ ಸ್ಕೂಟರುಗಳ ಆಕ್ಸಿಲರೇಟರ್ ಹಿಡಿಕೆಯಲ್ಲಿ ಸಾಮಾನ್ಯವಾಗಿ ಹಾಲ್ ಸಂವೇದಕವಿದ್ದು, ಅದರ ತಂತಿಗಳಲ್ಲಿ 5 ವೋಲ್ಟಿನೊಳಗಿನ ಸಂಕೇತ ಹರಿಯುತ್ತದೆ. ವಾಹನದ ವೇಗವನ್ನೇ ನಿರ್ಧರಿಸುವ ಈ ತಂತಿಗಳನ್ನೂ ಎಬಿಎಸ್‌ನ ತಂತಿಗಳನ್ನೂ ನಡುವೆ ಕತ್ತರಿಸಿ ಜೋಡಿಸುವ ಬದಲು ಕಪ್ಲರಿನಿಂದ ಕಪ್ಲರಿನವರೆಗೆ ಇಡಿಯಾಗಿ ಬದಲಿಸುವುದು ಸುರಕ್ಷಿತ.